ಬೆತ್ತದ ಜಾಗಕ್ಕೆ ಏನು? ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ನಡತೆ

(ಮುಂಬಯಿಯಲ್ಲಿ ಸಂಘದ ಪಾಲಕರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಯಲ್ಲಿ ಮಕ್ಕಳ ನಡತೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಆ ವಿಷಯದಲ್ಲಿ ನನಗೇನು ಅಧಿಕಾರವಿದೆಯೆಂದು ಅವರನ್ನೇ ಕೇಳಿದೆ. ನಾನು ಶಿಕ್ಷಣಶಾಸ್ತ್ರವನ್ನು ಓದಿದವನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಕುಳಿತವನು. "ನಿಮ್ಮ ಮಗಳು ಮೂರನೆಯ ಇಯತ್ತೆಯಲ್ಲಿದ್ದಾಳಲ್ಲ, ಅಷ್ಟು ಅಧಿಕಾರ ಸಾಕು" ಎಂದು ಅವರು ನಕ್ಕುಬಿಟ್ಟರು. ಆದ್ದರಿಂದ ಪಾಲಕನಾಗಿ ಓದಿದ್ದನ್ನೂ ಕಂಡದ್ದನ್ನೂ ನಿಮ್ಮ ಮುಂದಿಡುತ್ತೇನೆ. ಸಭೆಯಲ್ಲಿ ಶಿಕ್ಷಕಿಯರೂ ಇದ್ದಾರೆ. ತಪ್ಪು ಕಂಡಲ್ಲಿ ಅವರು ತಿದ್ದಬೇಕು.

ಊರಿನ ಐಗಳ ಮಠದ ಕಥೆಗಳನ್ನು ನಮ್ಮಲ್ಲಿ ಹಲವರು ಅಜ್ಜಂದಿರ ಬಾಯಿಂದ ಕೇಳಿದ್ದೇವೆ. ಕೋದಂಡ ಹಾಕುವುದೆಂದರೆ ಹುಡುಗನ ಕೈಗಳನ್ನು ಕಟ್ಟಿ ತೊಲೆಗೆ ತೂಗಹಾಕುವುದು. ಅದು ನಿಂತುಹೋದ ಮೇಲೂ ಬೆತ್ತ, ಬಸ್ಕಿ, ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸುವುದು ಇವು ಬಹುಕಾಲ ಉಳಿದುವು. ದಂಡಂ ದಶಗುಣಂ ಎಂಬ ಮಾತನ್ನು ಇವಕ್ಕೆಲ್ಲ ಆಧಾರವಾಗಿ ಹೇಳುವುದುಂಟು. ಆದರೆ ಆ ಶ್ಲೋಕವನ್ನು ಪೂರ್ತಿಯಾಗಿ ನೋಡಿದವರು ಎಷ್ಟು ಜನ? ಕೋಲು ಉಪಯೋಗಕ್ಕೆ ಬರುವ ಹತ್ತು ಸಂದರ್ಭಗಳನ್ನು ಅದು ಎಣಿಸುತ್ತದೆ: ಹಕ್ಕಿ, ನಾಯಿ, ಶತ್ರು, ಹಾವು, ದನ, ಕೆಸರು, ನೀರು, ಕುರುಡು, ಕತ್ತಲೆ, ಮುಪ್ಪು. ಹತ್ತನ್ನೂ ಎಣಿಸಿ ನೋಡಿದರೆ ಶಾಲೆಯ ಮಕ್ಕಳ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ!

ಈಗ ಕಾಯಿದೆಯೂ ಬೆತ್ತವನ್ನು ಬಿಡಿಸಿದೆ. 2000ನೆಯ ಇಸವಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅಲ್ಲಿನ ಶಾಲಾ ನಿಯಮಗಳಲ್ಲಿ ದೇಹದಂಡನೆಗೆ ಇದ್ದ ಅವಕಾಶವನ್ನು ರದ್ದುಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 17ನೆಯ ಕಲಮಿನ ಪ್ರಕಾರ ಯಾವ ಮಗುವನ್ನೂ ದೈಹಿಕ ಶಿಕ್ಷೆಗೆ ಗುರಿಮಾಡಕೂಡದು, ಮಾನಸಿಕ ಹಿಂಸೆಗೂ ಗುರಿಮಾಡಕೂಡದು. ಈ ಎರಡನೆಯ ಮಾತನ್ನು ನಾವು ಬೇಗ ಮರೆಯುತ್ತೇವೆ. ನಲವತ್ತು ಮಕ್ಕಳ ಎದುರಿಗೆ ಒಬ್ಬನ ಮಾನ ಕಳೆಯುವುದೂ ಅದರಲ್ಲಿ ಸೇರುತ್ತದೆ.

ಹಾಗಾದರೆ ಬೆತ್ತದ ಜಾಗಕ್ಕೆ ಬಂದುದೇನು? ಅನೇಕ ಕಡೆ ಡೈರಿಯ ಕೆಂಪು ಶಾಯಿ ಬಂದಿತು. ವರ್ಗದ ಹೊರಗೆ ನಿಲ್ಲಿಸುವುದು ಬಂದಿತು. ಪಾಲಕರನ್ನು ಕರೆಸುವುದು ಬಂದಿತು. ಸಾಧನ ಬದಲಾಯಿತು, ಯೋಚನೆ ಬದಲಾಗಲಿಲ್ಲ. ತಪ್ಪು ನಡೆಯುವವರೆಗೆ ಕಾಯುವುದು, ನಡೆದ ಮೇಲೆ ಹಿಡಿಯುವುದು, ಇದೇ ಮೊದಲಿನ ಪದ್ಧತಿ. ಶಿಕ್ಷಕರನ್ನು ಇಲ್ಲಿ ದೂರುತ್ತಿಲ್ಲ. ಎರಡು ಪಾಳಿಯಲ್ಲಿ ನಡೆಯುವ, ಆಟದ ಬಯಲಿಲ್ಲದ, ಇಕ್ಕಟ್ಟಾದ ಮೆಟ್ಟಿಲುಗಳ ಶಾಲೆಯಲ್ಲಿ ಬೆತ್ತವನ್ನೂ ಕಸಿದುಕೊಂಡು, ಅದಕ್ಕೆ ಬದಲಾಗಿ ಏನನ್ನೂ ಕೊಡದಿದ್ದರೆ ಅವರಾದರೂ ಏನು ಮಾಡಬೇಕು?

ಈ ಪ್ರಶ್ನೆಯನ್ನು ಅಮೆರಿಕೆಯ ಕೆಲವರು ಅರವತ್ತು ವರ್ಷಗಳ ಹಿಂದೆಯೇ ಎತ್ತಿಕೊಂಡು, ವರ್ಗಗಳಲ್ಲಿ ಕುಳಿತು ಲೆಕ್ಕ ಇಟ್ಟರು. ಲೆಕ್ಕವೆಂದ ಮೇಲೆ ನನ್ನಂಥವನಿಗೆ ಆಸಕ್ತಿ ಹುಟ್ಟಿದ್ದು ಸಹಜವೇ. ಮ್ಯಾಡ್ಸನ್, ಬೆಕರ್, ಥಾಮಸ್ ಎಂಬ ಮೂವರು 1968ರಲ್ಲಿ ಪ್ರಕಟಿಸಿದ ಪ್ರಯೋಗ ತುಂಬ ಸರಳವಾದುದು. ಕಿರಿಯ ವರ್ಗಗಳಲ್ಲಿ ತಂಟೆ ಮಾಡುತ್ತಿದ್ದ ಮೂವರು ಮಕ್ಕಳನ್ನು ಅವರು ದಿನದಿನವೂ ಗಮನಿಸಿದರು. ಮೊದಲು ಶಿಕ್ಷಕಿಯರು ನಿಯಮಗಳನ್ನು ಹೇಳಿ, ಮತ್ತೆಮತ್ತೆ ಜ್ಞಾಪಿಸಿದರು. ಅಷ್ಟರಿಂದಲೇ ಹೆಚ್ಚಿನ ಗುಣ ಕಾಣಲಿಲ್ಲ. ಆಮೇಲೆ ಸಣ್ಣಪುಟ್ಟ ತಂಟೆಯನ್ನು ಕಂಡೂ ಕಾಣದಂತಿದ್ದು, ಮಗು ಸರಿಯಾಗಿ ಕುಳಿತು ಕೆಲಸ ಮಾಡಿದ ಗಳಿಗೆಯಲ್ಲಿ ಅದನ್ನು ಮೆಚ್ಚಿ ಆಡತೊಡಗಿದರು. ಆಗ ತಂಟೆ ಬಹಳಮಟ್ಟಿಗೆ ಇಳಿಯಿತು. ಮೂವರು ಮಕ್ಕಳ ಲೆಕ್ಕದಿಂದ ಜಗತ್ತಿಗೆಲ್ಲ ತೀರ್ಪು ಕೊಡಲಾಗದು, ನಿಜ. ಆದರೆ ಗೋಡೆಯ ಮೇಲೆ ನಿಯಮದ ಹಲಗೆ ತೂಗಹಾಕಿ ಕರ್ತವ್ಯ ಮುಗಿಯಿತೆಂದುಕೊಳ್ಳುವ ಶಾಲೆಗಳು ಎಷ್ಟಿಲ್ಲ!

ಮೆಚ್ಚಿ ಆಡುವುದೆಂದೊಡನೆ ನಮ್ಮ ಹಿರಿಯರಿಗೆ ಸ್ವಲ್ಪ ಇರುಸುಮುರುಸಾಗುತ್ತದೆ. ಮಗುವನ್ನು ಎದುರಿಗೆ ಹೊಗಳಬಾರದು, ಕಣ್ಣು ತಾಗುತ್ತದೆ, ತಲೆಗೇರುತ್ತದೆ ಎಂಬುದು ನಮ್ಮ ಮನೆಗಳ ಹಳೆಯ ನಂಬಿಕೆ. ಅದು ತೀರ ಹುಸಿಯೂ ಅಲ್ಲ, ಹೊಗಳಿಕೆಯಲ್ಲಿಯೂ ಭೇದವುಂಟು. ಮ್ಯೂಲರ್ ಮತ್ತು ಡ್ವೆಕ್ ಎಂಬ ಇಬ್ಬರು ವಿದುಷಿಯರು 1998ರಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ಸಮಸ್ಯೆ ಬಿಡಿಸಿದ ಕೆಲವರಿಗೆ "ನೀನು ಬಲು ಬುದ್ಧಿವಂತ" ಎಂದರು. ಇನ್ನು ಕೆಲವರಿಗೆ "ನೀನು ಚೆನ್ನಾಗಿ ಶ್ರಮಪಟ್ಟಿದ್ದೀಯ" ಎಂದರು. ಮುಂದೆ ಕಠಿಣವಾದ ಸಮಸ್ಯೆ ಬಂದು ಸೋತಾಗ ಬುದ್ಧಿವಂತರೆನಿಸಿಕೊಂಡವರು ಬೇಗ ಕೈಬಿಟ್ಟರು. ಅಷ್ಟೇ ಅಲ್ಲ, ತಮಗೆ ಬಂದ ಅಂಕಗಳನ್ನು ಬೇರೆಯವರಿಗೆ ಬರೆದು ತಿಳಿಸುವಾಗ ಹೆಚ್ಚಿಸಿ ಬರೆದವರು ಆ ಗುಂಪಿನಲ್ಲೇ ಹೆಚ್ಚಾಗಿದ್ದರು. ಖೋಟಾ ಲೆಕ್ಕ ಹುಟ್ಟುವ ಒಂದು ಕಾರಣ ನನಗೆ ಅಲ್ಲಿ ಸಿಕ್ಕಿತು! ಆದ್ದರಿಂದ ಮಗುವನ್ನು ಜಾಣ, ಬಂಗಾರ, ರಾಜಕುಮಾರ ಎಂದು ಏರಿಸುವ ಬದಲು ಅದು ಮಾಡಿದ ಕೆಲಸವನ್ನು ಹೆಸರು ಹಿಡಿದು ಹೇಳಬೇಕು. "ಬಿದ್ದ ಹುಡುಗನ ಪುಸ್ತಕಗಳನ್ನು ಆರಿಸಿ ಕೊಟ್ಟೆಯಲ್ಲ, ನೋಡಿದೆ" ಎಂದರಾಯಿತು. ಇದರಿಂದ ಕಣ್ಣೂ ತಾಗಲಾರದು, ತಲೆಗೂ ಏರಲಾರದು.

ಇನ್ನು ಇಡೀ ವರ್ಗದ ಮಾತು. 1969ರಲ್ಲಿ ಬ್ಯಾರಿಷ್, ಸಾಂಡರ್ಸ್, ವುಲ್ಫ್ ಎಂಬವರು ನಾಲ್ಕನೆಯ ತರಗತಿಯೊಂದರಲ್ಲಿ ನಡೆಸಿದ ಆಟದ ವಿವರವನ್ನು ಪ್ರಕಟಿಸಿದರು. ಸನ್ನಡತೆಯ ಆಟ ಎಂದು ಅದಕ್ಕೆ ಹೆಸರು. ವರ್ಗವನ್ನು ಎರಡು ಪಂಗಡ ಮಾಡುವುದು. ಅಪ್ಪಣೆಯಿಲ್ಲದೆ ಎದ್ದರೆ ಅಥವಾ ಮಾತಾಡಿದರೆ ಆ ಪಂಗಡದ ಹೆಸರಿನಲ್ಲಿ ಕರಿಹಲಗೆಯ ಮೇಲೆ ಒಂದು ಗೀಟು. ಗೀಟು ಕಡಮೆಯಿದ್ದ ಪಂಗಡಕ್ಕೆ ಊಟದ ಸಾಲಿನಲ್ಲಿ ಮೊದಲ ಸ್ಥಾನ, ದಿನದ ಕೊನೆಗೆ ಬಿಡುವಿನ ವೇಳೆ, ಇಂಥ ಖರ್ಚಿಲ್ಲದ ಬಹುಮಾನಗಳು. ಎರಡೂ ಪಂಗಡಗಳ ಗೀಟುಗಳು ಮಿತಿಯೊಳಗಿದ್ದರೆ ಇಬ್ಬರಿಗೂ ಗೆಲುವು. ಒಬ್ಬರು ಸೋಲಲೇಬೇಕೆಂಬ ಕಟ್ಟಳೆಯಿಲ್ಲ. ಆಟ ನಡೆದ ಹೊತ್ತಿನಲ್ಲಿ ಗದ್ದಲ ಬಹಳ ಇಳಿಯಿತು, ಆಟ ನಿಲ್ಲಿಸಿದಾಗ ಮರಳಿ ಏರಿತು. 1985-86ರಲ್ಲಿ ಬಾಲ್ಟಿಮೋರ್ ನಗರದ 19 ಪ್ರಾಥಮಿಕ ಶಾಲೆಗಳನ್ನೊಳಗೊಂಡ ದೊಡ್ಡ ಪರೀಕ್ಷೆಯಲ್ಲಿ ಕೆಲವು ಒಂದನೆಯ ತರಗತಿಗಳಲ್ಲಿ ಈ ಆಟವನ್ನು ಆಡಿಸಿ, ಆ ಮಕ್ಕಳು ಇಪ್ಪತ್ತರ ಹರೆಯಕ್ಕೆ ಬರುವವರೆಗೆ ಹಿಂಬಾಲಿಸಿ ನೋಡಿದರು. ಚಿಕ್ಕಂದಿನಲ್ಲಿ ತೀರ ಒರಟರಾಗಿದ್ದ ಗಂಡುಹುಡುಗರಲ್ಲಿ, ಆಟ ಆಡಿದವರು ಮುಂದೆ ಮಾದಕ ವಸ್ತುಗಳ ದಾಸರಾದದ್ದು ಕಡಮೆಯೆಂದು ಕಂಡುಬಂದಿತು. ಅಂಥ ಚಿಕ್ಕ ಆಟಕ್ಕೆ ಅಷ್ಟು ದೂರದ ಫಲ!

ಆದರೂ ಈ ಆಟದಲ್ಲಿ ನನಗೊಂದು ಅಳುಕುಂಟು. ಒಬ್ಬನ ತಪ್ಪಿಗೆ ಪಂಗಡಕ್ಕೆಲ್ಲ ಗೀಟು ಬಿದ್ದರೆ, ಬಿಡುವಿನ ಹೊತ್ತಿನಲ್ಲಿ ಆ ಒಬ್ಬನ ಗತಿಯೇನು? ಶಿಕ್ಷಕರ ಕಣ್ಣು ಅಲ್ಲಿಯೂ ಇರಬೇಕಾಗುತ್ತದೆ. ಈ ವಿಚಾರವೇ ನಮ್ಮನ್ನು ವರ್ಗದ ಹೊರಗೆ ಕರೆದೊಯ್ಯುತ್ತದೆ.

ಜಗಳಗಳು ಪಾಠದ ಹೊತ್ತಿನಲ್ಲಿ ಮಾತ್ರ ಹುಟ್ಟುವುದಿಲ್ಲ; ಮೆಟ್ಟಿಲಲ್ಲಿ, ನೀರಿನ ನಲ್ಲಿಯ ಬಳಿ, ಶೌಚಾಲಯದ ಬಾಗಿಲಲ್ಲಿ, ಶಾಲೆಯ ಬಸ್ಸಿನಲ್ಲಿಯೂ ಹುಟ್ಟುತ್ತವೆ. ಒಬ್ಬ ಶಿಕ್ಷಕಿ ಒಂದು ಹೇಳಿ, ಇನ್ನೊಬ್ಬರು ಮತ್ತೊಂದು ಹೇಳಿ, ಜವಾನನು ಮೂರನೆಯದನ್ನು ಹೇಳಿದರೆ ಏಳು ವರ್ಷದ ಮಗು ಯಾವುದನ್ನು ಹಿಡಿಯಬೇಕು? ಇದನ್ನು ಮನಗಂಡು ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದ ಜಾರ್ಜ್ ಸುಗಾಯ್, ರಾಬ್ ಹಾರ್ನರ್ ಮೊದಲಾದವರು ಶಾಲೆಯಿಡೀ ಒಂದೇ ಕ್ರಮವನ್ನು ಅನುಸರಿಸುವ ಪದ್ಧತಿಯನ್ನು ಬೆಳೆಸಿದರು. 1997ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣ ಕಾಯಿದೆಯನ್ನು ಅಮೆರಿಕೆಯಲ್ಲಿ ತಿದ್ದಿದಾಗ ಇದರ ಪ್ರಸ್ತಾಪ ಕಾನೂನಿನಲ್ಲಿಯೂ ಬಂದಿತು. ಕ್ರಮವೇನೋ ಸುಲಭವೇ. ಮೂರೋ ಐದೋ ಮಾತುಗಳಿಗಿಂತ ಹೆಚ್ಚು ನಿಯಮ ಬೇಡ, ಅವೂ "ಮಾಡಬೇಡ" ಎಂದಲ್ಲ, "ಮಾಡು" ಎಂದಿರಬೇಕು. ಜೋಪಾನವಾಗಿರು, ಗೌರವದಿಂದಿರು, ನಿನ್ನ ಕೆಲಸ ನೀನು ಮಾಡು, ಹೀಗೆ. ಆಮೇಲೆ ಅದನ್ನು ಜಾಗ ಜಾಗಕ್ಕೆ ಬಿಡಿಸಿ ಹೇಳಬೇಕು. ಮೆಟ್ಟಿಲ ಮೇಲೆ ಜೋಪಾನವೆಂದರೆ ಎಡಗಡೆಯಿಂದ ಒಬ್ಬರ ಹಿಂದೆ ಒಬ್ಬರು ಇಳಿಯುವುದು; ನಲ್ಲಿಯ ಬಳಿ ಗೌರವವೆಂದರೆ ಸರದಿ ಕಾಯುವುದು. ಹೇಳಿ ಬಿಟ್ಟರೂ ಸಾಲದು. ಮಗ್ಗಿ ಕಲಿಸಿದಂತೆ ಮಕ್ಕಳನ್ನು ಆ ಮೆಟ್ಟಿಲಿಗೇ ಕರೆದೊಯ್ದು ಮಾಡಿಸಿ ತೋರಿಸಬೇಕು. ಮಗ್ಗಿ ತಪ್ಪಿದರೆ ಮತ್ತೆ ಕಲಿಸುತ್ತೇವಷ್ಟೆ. ನಡತೆ ತಪ್ಪಿದರೆ ಮಾತ್ರ ಏಕೆ ಸಿಟ್ಟು?

ಇದಕ್ಕೆ ನಮ್ಮ ಬ್ಯಾಂಕಿನಲ್ಲಿಯೇ ಸಾಕ್ಷಿಯುಂಟು. ತಿಂಗಳ ಮೊದಲ ದಿನಗಳಲ್ಲಿ ಪಿಂಚಣಿದಾರರು ನಮ್ಮ ಕೌಂಟರಿನ ಮುಂದೆ ಮುಗಿಬೀಳುತ್ತಿದ್ದರು. ದೊಡ್ಡ ದೊಡ್ಡ ಹುದ್ದೆಯಲ್ಲಿದ್ದವರೂ ಮೊಣಕೈಯಿಂದ ನೂಕುತ್ತಿದ್ದರು. ಒಂದು ವರ್ಷ ಟೋಕನ್ ಯಂತ್ರ ಬಂದಿತು, ಎದುರಿಗೆ ಹನ್ನೆರಡು ಕುರ್ಚಿಗಳು ಬಂದುವು. ಅಂದಿನಿಂದ ಅವರೇ ಕುಳಿತು ಪಂಚಾಂಗದ ಮಾತಾಡತೊಡಗಿದರು. ಯಾರಿಗೂ ನಾವು ನೀತಿಬೋಧೆ ಮಾಡಲಿಲ್ಲ.

ಈ ಪದ್ಧತಿಯ ಇನ್ನೊಂದು ಅಂಗವಂತೂ ನನಗೆ ಬಹಳ ಹಿಡಿಸಿತು. ತಂಟೆಯ ಪ್ರತಿಯೊಂದು ವರದಿಯಲ್ಲಿಯೂ ಏನು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟು, ತಿಂಗಳಿಗೊಮ್ಮೆ ಶಿಕ್ಷಕರು ಕೂಡಿ ನೋಡುತ್ತಾರೆ. ದಿನದ ಲೆಕ್ಕ ತಾಳೆಯಾಗದಿದ್ದಾಗ ನಾವು ಯಾವ ವೋಚರು, ಯಾವ ಕೌಂಟರು, ಎಷ್ಟು ಗಂಟೆಯ ನಮೂದು ಎಂದು ಹುಡುಕುತ್ತೇವೆಯೇ ಹೊರತು ಗುಮಾಸ್ತನ ವಂಶಾವಳಿಯನ್ನು ತೆಗೆಯುವುದಿಲ್ಲ. ಹಾಗೆಯೇ ಹತ್ತು ಜಗಳಗಳಲ್ಲಿ ಏಳು ಊಟದ ಗಂಟೆಯಾದ ಮೇಲೆ ಒಂದೇ ಮೆಟ್ಟಿಲಲ್ಲಿ ನಡೆದಿದ್ದರೆ, ಏಳು ಮಕ್ಕಳನ್ನು ಬೈಯುವುದಕ್ಕಿಂತ ಎರಡು ವರ್ಗಗಳನ್ನು ಐದು ನಿಮಿಷ ಹಿಂದೆಮುಂದೆ ಬಿಡುವುದು ಲೇಸು. ಮೇರಿಲ್ಯಾಂಡ್ ಪ್ರಾಂತದ 37 ಪ್ರಾಥಮಿಕ ಶಾಲೆಗಳಲ್ಲಿ ಈ ಪದ್ಧತಿಯನ್ನು ಹಲವು ವರ್ಷ ಪರೀಕ್ಷಿಸಿದರು. 21 ಶಾಲೆಗಳು ಅದನ್ನು ನಡೆಸಿದುವು, 16 ಹೋಲಿಕೆಗೆಂದು ಇದ್ದಂತೆಯೇ ಉಳಿದುವು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪದ್ಧತಿ ನಡೆಸಿದ ಶಾಲೆಗಳಲ್ಲಿ ಮಕ್ಕಳನ್ನು ಕಚೇರಿಗೆ ಕಳಿಸುವುದೂ ಶಾಲೆಯಿಂದ ಕೆಲವು ದಿನ ಹೊರಗಿಡುವುದೂ ಕಡಮೆಯಾದುವು. ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಅಷ್ಟು ಸ್ಪಷ್ಟವಾದ ಏರಿಕೆ ಕಾಣಲಿಲ್ಲ. ಅದನ್ನು ಮುಚ್ಚಿಟ್ಟು ಹೊಗಳುವುದು ನ್ಯಾಯವಲ್ಲವೆಂದು ಹೇಳಿದೆ.

ಇಷ್ಟೆಲ್ಲ ದೂರದೇಶದ ಮಾತು ನಮಗೇಕೆಂದು ಹಿಂದಿನ ಸಾಲಿನಲ್ಲಿ ಕುಳಿತವರು ಯೋಚಿಸುತ್ತಿರಬಹುದು. ಕಾರಣವಿದೆ. ನಿಯಮವನ್ನು ಹೇಳದೆ, ಮಗುವಿಗೆ ಗೊತ್ತಿದೆಯೆಂದು ತಿಳಿದುಕೊಳ್ಳುವ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವುದು ಪರಭಾಷೆಯ ಮನೆಯಿಂದ ಬಂದ ಮಗು. ಅಂದರೆ ನಮ್ಮ ಮಗು.

ನಮ್ಮ ಕಟ್ಟಡಕ್ಕೆ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಕುಟುಂಬವೊಂದರ ಹುಡುಗನನ್ನು ನಡುವರ್ಷದಲ್ಲಿ ಎರಡನೆಯ ಇಯತ್ತೆಗೆ ಸೇರಿಸಿದರು. ಊರಿನಲ್ಲಿ ಅವನ ಹೆಸರು ಹೇಳಿ ಯಾರೂ ದೂರು ತಂದಿರಲಿಲ್ಲ. ಇಲ್ಲಿ ಒಂದೇ ತಿಂಗಳಲ್ಲಿ ಡೈರಿಯ ತುಂಬ ಕೆಂಪು ಶಾಯಿ: ಹೇಳಿದ್ದು ಕೇಳುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ದೊಡ್ಡವರಿಗೆ ಉದ್ಧಟತನ ಮಾಡುತ್ತಾನೆ. ತಾಯಿ ಆ ಡೈರಿಯನ್ನು ಹಿಡಿದು ನಮ್ಮ ಮನೆಗೆ ಬಂದು, "ಅಕ್ಕಾವ್ರ, ನನ್ನ ಮಗ ಹಿಂಗ ಇದ್ದಿಲ್ಲರೀ" ಎಂದು ನನ್ನ ಹೆಂಡತಿಯ ಮುಂದೆ ಕಣ್ಣೀರು ಹಾಕಿದರು. ವಿಚಾರಿಸಿ ನೋಡಿದರೆ, "ರಾಂಗೇತ್ ಉಭೇ ರಹಾ" ಎಂದು ಶಿಕ್ಷಕಿ ಸಾಲಿನಲ್ಲಿ ನಿಲ್ಲಲು ಹೇಳಿದ್ದು ಅವನಿಗೆ ತಿಳಿದೇ ಇರಲಿಲ್ಲ. ದೊಡ್ಡವರು ಬೈಯುವಾಗ ತಲೆ ತಗ್ಗಿಸಿ ಸುಮ್ಮನಿರಬೇಕೆಂದು ಮನೆಯಲ್ಲಿ ಕಲಿಸಿದ್ದರು. ಆ ಮೌನವೇ ಇಲ್ಲಿ ಮೊಂಡುತನವೆನಿಸಿತು. ಉದ್ಧಟತನವೆಂದರೆ, ಓಣಿಯ ಹುಡುಗರಿಂದ ಕಲಿತ ಹಿಂದಿಯಲ್ಲಿ ಶಿಕ್ಷಕಿಯನ್ನು "ತೂ" ಎಂದುಬಿಟ್ಟಿದ್ದ. ಕನ್ನಡದಲ್ಲಿ ಮಾತುಮಾತಿಗೆ "ರೀ" ಎನ್ನುವ ಹುಡುಗ! ಅವನಿಗೆ "ಆಪ್" ಎಂಬುದನ್ನು ಕಲಿಸಿದವರಾರು?

ಅದನ್ನು ಸರಿಪಡಿಸಿದವರು ಮುಖ್ಯೋಪಾಧ್ಯಾಯರಲ್ಲ, ಶಾಲೆಯಲ್ಲಿ ಕಸ ಗುಡಿಸುವ ಮಾವಶಿ. ಅವರು ಸೋಲಾಪುರದ ಕಡೆಯವರು, ಮನೆಮಾತು ಕನ್ನಡ. ಬೆಳಿಗ್ಗೆ ಹತ್ತು ನಿಮಿಷ ಅವನನ್ನು ಕರೆದುಕೊಂಡು ಶಾಲೆಯೆಲ್ಲ ಸುತ್ತಿ, ಇಲ್ಲಿ ಹೀಗೆ ನಿಲ್ಲಬೇಕು, ಬಾಯಿಯವರು ಕೇಳಿದರೆ ಹೀಗೆ ಉತ್ತರ ಕೊಡಬೇಕು ಎಂದು ಒಂದು ವಾರ ತೋರಿಸಿಕೊಟ್ಟರು. ಶಿಕ್ಷಕಿಯೂ ಒಳ್ಳೆಯವರು. ಕಾರಣ ತಿಳಿದ ಮೇಲೆ, ಅವನು ಮೊದಲ ಸಲ ಸಾಲಿನಲ್ಲಿ ಸರಿಯಾಗಿ ನಿಂತ ದಿನ ಅದನ್ನು ಡೈರಿಯಲ್ಲಿ ನೀಲಿ ಶಾಯಿಯಿಂದ ಬರೆದು ಕಳಿಸಿದರು. ಆ ಪುಟವನ್ನು ತಾಯಿ ನಮಗೂ ತಂದು ತೋರಿಸಿದರು. ಮಾವಶಿ ಒಂದು ವಾರದಲ್ಲಿ ಮಾಡಿದ್ದನ್ನೇ ಆರೆಗಾನಿನ ಪಂಡಿತರು ಪುಸ್ತಕಗಳಲ್ಲಿ ಬರೆದಿರುವುದು. ಆದರೆ ಆ ಶಾಲೆಯಲ್ಲಿ ಅಂಥ ಮಾವಶಿ ಇಲ್ಲದೆ ಹೋಗಿದ್ದರೆ? ಎರಡನೆಯ ಇಯತ್ತೆಯಲ್ಲಿ ಅಂಟಿದ "ಮೊಂಡ" ಎಂಬ ಹೆಸರು ಏಳನೆಯವರೆಗೂ ಮಗುವಿನ ಬೆನ್ನು ಬಿಡುವುದಿಲ್ಲ. ಒಬ್ಬ ಶಿಕ್ಷಕರು ಮುಂದಿನವರಿಗೆ ಹೇಳಿಯೇ ಒಪ್ಪಿಸುತ್ತಾರೆ.

ಬಹುಮಾನದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ನಕ್ಷತ್ರದ ಚೀಟಿ, ಚಾಕಲೇಟು, ಪೆನ್ಸಿಲುಗಳ ಮಳೆ ಸುರಿಸುವ ಶಾಲೆಗಳು ಈಗ ಹೆಚ್ಚುತ್ತಿವೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬವರು ಪ್ರಕಟಿಸಿದ ಪ್ರಯೋಗದಲ್ಲಿ, ಬಣ್ಣದ ಪೆನ್ನಿನಿಂದ ತಾವಾಗಿಯೇ ಸಂತೋಷಪಟ್ಟು ಚಿತ್ರ ಬರೆಯುತ್ತಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ, ಬರೆದರೆ ಬಹುಮಾನವೆಂದು ಮುಂಚಿತವಾಗಿ ಹೇಳಿ ಚಿನ್ನದ ಬಣ್ಣದ ಮುದ್ರೆಯ ಪತ್ರ ಕೊಟ್ಟರು. ಕೆಲವು ದಿನಗಳ ಮೇಲೆ ನೋಡಿದರೆ ಅವರು ಚಿತ್ರ ಬರೆಯುವ ಹೊತ್ತು, ಬಹುಮಾನವಿಲ್ಲದ ಮಕ್ಕಳ ಅರ್ಧದಷ್ಟಕ್ಕೆ ಇಳಿದಿತ್ತು. ಅನಿರೀಕ್ಷಿತವಾಗಿ ಪತ್ರ ಪಡೆದವರಲ್ಲಿ ಹಾಗಾಗಲಿಲ್ಲ. ಮಗು ಆಗಲೇ ಪ್ರೀತಿಯಿಂದ ಮಾಡುತ್ತಿರುವ ಕೆಲಸಕ್ಕೆ ಕೂಲಿ ಗೊತ್ತುಮಾಡುವುದು ಅಪಾಯ. ಇನ್ನೂ ರೂಢಿಯಾಗದ ಕೆಲಸಕ್ಕೆ ಮೊದಮೊದಲು ಚೀಟಿ ಕೊಟ್ಟು, ಕ್ರಮೇಣ ಮಾತಿಗೆ ಇಳಿಸಿ, ಆಮೇಲೆ ಬರಿಯ ತಲೆದೂಗಿಗೆ ಇಳಿಸುವುದು ಸರಿಯಾದ ದಾರಿಯೆಂದು ನನಗೆ ತೋರುತ್ತದೆ. ಮನೆಯಲ್ಲಿಯೂ ಇದೇ ಮಾತು. ತಟ್ಟೆ ತೊಳೆದಿಟ್ಟದ್ದಕ್ಕೆ ಹತ್ತು ರೂಪಾಯಿ ಕೊಟ್ಟವರು ಮುಂದಿನ ವರ್ಷ ಇಪ್ಪತ್ತಕ್ಕೆ ಸಿದ್ಧರಾಗಿರಬೇಕು.

ಇನ್ನು ನಾವು ಮಾಡಬಹುದಾದ ಕೆಲಸ. ಸರಕಾರಿ ಶಾಲೆಗಳಲ್ಲಿಯೂ ಅನುದಾನಿತ ಶಾಲೆಗಳಲ್ಲಿಯೂ ವ್ಯವಸ್ಥಾಪನ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕೆಂದು ಮೊದಲು ಹೇಳಿದ ಕಾಯಿದೆಯ 21ನೆಯ ಕಲಮು ವಿಧಿಸುತ್ತದೆ. ಸಮಿತಿಯ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಗರಪಾಲಿಕೆಯ ಶಾಲೆಗೆ ಮಕ್ಕಳನ್ನು ಕಳಿಸುವ ನಮ್ಮವರು ಭಾಷೆ ಬರದೆಂಬ ಸಂಕೋಚದಿಂದ ಆ ಸಮಿತಿಯ ಕಡೆ ತಲೆ ಹಾಕುವುದಿಲ್ಲ. ಖಾಸಗಿ ಶಾಲೆಗೆ ಕಳಿಸುವವರು ಸಭೆಗೆ ಹೋದರೂ ಅಂಕಪಟ್ಟಿ ನೋಡಿ ಎದ್ದು ಬರುತ್ತಾರೆ. ಮುಂದಿನ ಸಭೆಯಲ್ಲಿ ಒಂದೆರಡು ಪ್ರಶ್ನೆ ಕೇಳಿ. ನಿಮ್ಮ ಶಾಲೆಯ ನಿಯಮಗಳು ಯಾವುವು? ಹೊಸದಾಗಿ ಬಂದ ಮಗುವಿಗೆ ಅವನ್ನು ಯಾರು, ಯಾವ ಭಾಷೆಯಲ್ಲಿ ತೋರಿಸಿಕೊಡುತ್ತಾರೆ? ಡೈರಿಯಲ್ಲಿ ತಪ್ಪನ್ನು ಬರೆಯುವಂತೆ ಒಳ್ಳೆಯದನ್ನೂ ಬರೆಯುವಿರಾ? ಜಗಳದ ದನಿಯಲ್ಲಿ ಬೇಡ. ಚಹ ಕುಡಿಯುತ್ತ ಕೇಳಿದರೂ ಆದೀತು. ಮನೆಯಲ್ಲಿ ನಾವು ಕಲಿಸುವ ಮರ್ಯಾದೆ ಯಾವುದೆಂಬುದನ್ನೂ ಶಿಕ್ಷಕರಿಗೆ ತಿಳಿಸಬೇಕು. ನಮ್ಮ ಮಕ್ಕಳು ಮನೆಯಲ್ಲಿ "ಥ್ಯಾಂಕ್ಯೂ" ಹೇಳದಿರುವುದು ಕೃತಘ್ನತೆಯಲ್ಲ, ತಾಯಿ ಬಡಿಸಿದ ಅನ್ನಕ್ಕೆ ಹಾಗೆ ಹೇಳುವ ವಾಡಿಕೆ ನಮ್ಮಲ್ಲಿಲ್ಲ, ಅಷ್ಟೆ. ಶಾಲೆಯಲ್ಲಿ ಅದು ಬೇಕಾದರೆ ಕಲಿಸಿದರಾಯಿತು.

ನಮ್ಮ ಸಂಘದ ಭಾನುವಾರದ ಕನ್ನಡ ವರ್ಗಕ್ಕೂ ಇದನ್ನು ಅನ್ವಯಿಸಿ ನೋಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸಿಕೊಂಡಿದ್ದೆ, ಅವರು ಒಪ್ಪಿದ್ದಾರೆ. ಅಲ್ಲಿ ಇಪ್ಪತ್ತಾರು ಮಕ್ಕಳಿದ್ದಾರೆ. ಅವರು ಚಪ್ಪಲಿ ಬಿಡುವ ಜಾಗದಲ್ಲಿ ಆಗುವ ಯುದ್ಧವನ್ನು ನೀವೆಲ್ಲ ಬಲ್ಲಿರಿ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂರು ನಿಯಮಗಳನ್ನು ಮಕ್ಕಳಿಂದಲೇ ಕೇಳಿ, ಅವರ ಕೈಯಿಂದಲೇ ರಟ್ಟಿನ ಮೇಲೆ ಬರೆಸುವುದೆಂದು ನಿಶ್ಚಯವಾಗಿದೆ. ಚಪ್ಪಲಿಗೆ ಒಂದು ಮರದ ಕಪಾಟು ಮಾಡಿಸಲು ಸುಮಾರು ಖರ್ಚು ತಗಲುತ್ತದೆ. ವಂತಿಗೆ ಕೊಡುವವರು ಖಜಾಂಚಿಗಳಲ್ಲಿ ಹೆಸರು ಬರೆಸಬೇಕು, ರಸೀದಿ ನಾನೇ ಬರೆದುಕೊಡುತ್ತೇನೆ. ಬಣ್ಣ ಮತ್ತು ಕುಂಚಗಳನ್ನು ತರಲು ಇಬ್ಬರು ತಾಯಂದಿರು ಆಗಲೇ ಒಪ್ಪಿದ್ದಾರೆ. ಮಕ್ಕಳ ಜೊತೆ ಕುಳಿತು ಬರೆಸಲು ಇನ್ನೂ ಇಬ್ಬರು ಬೇಕಾಗಿದ್ದಾರೆ.